ಅಕ್ಕನ ಪಾಲಿನ ಒಂದು ಹಿಡಿ ಉಪ್ಪು

"ಶೆಟ್ರೇ, ಎಂಟು ಮೂಟೆ ಕಲ್ಲುಪ್ಪು ಬೇಕಿತ್ತಲ್ಲ. ಕೆಂಗೇರಿಗೆ ಕಳಿಸ್ತೀರಾ?"

ಫೋನಿನ ಆ ಕಡೆ ಕಾಮಾಕ್ಷಿಪಾಳ್ಯದ ಬಸ್ಸುಗಳ ಹಾರ್ನು, ಅಂಗಡಿಯಲ್ಲಿ ಯಾರೋ ಬೇಳೆ ಸುರಿಯುವ ಸದ್ದು, ಅಷ್ಟೇ. ಆಮೇಲೆ ಶೆಟ್ಟರು ದನಿ ತಗ್ಗಿಸಿ ಕೇಳಿದರು.

"ಯಾರು ಸಾರ್?"

"ಯಾರು ಅಂದ್ರೆ?"

"ಅದೇ ಸಾರ್... ಹೋಗಿದ್ದು ಯಾರು?"

ನಗಬೇಡಿ. ಶೆಟ್ಟರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಸುಡುವ ಮನೆಗಳವರಿಗೆ ಇದು ಗೊತ್ತಿಲ್ಲದೆ ಇರಬಹುದು. ನಮ್ಮಂಥ ಹೂಳುವ ಮನೆಗಳವರಿಗೆ ಚೆನ್ನಾಗಿ ಗೊತ್ತು. ಮನೆಗೆ ಮೂಟೆಗಟ್ಟಲೆ ಉಪ್ಪು ತರಿಸುವುದು ಒಂದೇ ಒಂದು ಕೆಲಸಕ್ಕೆ. ಗುಂಡಿಯಲ್ಲಿ ಮಲಗಿಸಿದ ಮೇಲೆ, ಮಣ್ಣು ಎಳೆಯುವುದಕ್ಕೆ ಮುಂಚೆ, ಉಪ್ಪು ಹಾಕುತ್ತಾರೆ. ಬಂದವರೆಲ್ಲ ಒಂದೊಂದು ಹಿಡಿ. ಮುಖ ನೋಡಿ, ಹಿಡಿ ಹಾಕಿ, ಕೈ ಒರೆಸಿಕೊಂಡು ಹಿಂದೆ ಸರಿಯುತ್ತಾರೆ. ಅಲ್ಲಿಗೆ ಋಣ ಮುಗಿಯಿತು.

ಮರ್ಯಾದಸ್ಥನಾಗಿದ್ದರೆ ಏನು ಹೇಳುತ್ತಿದ್ದ? "ಅಯ್ಯೋ, ಬಿಡ್ತು ಅನ್ನಿ ಶೆಟ್ರೇ, ಇದು ಸ್ವಿಮ್ಮಿಂಗ್ ಪೂಲ್‌ಗೆ" ಅನ್ನುತ್ತಿದ್ದ. ಆದರೆ ಈ ಅಂಕಣ ಓದುವ ನಿಮಗೆ ನನ್ನ ಬುದ್ಧಿ ಗೊತ್ತಲ್ಲ. ಬಸವೇಶ್ವರನಗರದ ನಮ್ಮ ಬೀದಿಗೆ ಬೀದಿಯನ್ನೇ ಬೇಸ್ತು ಬೀಳಿಸಿದ ಮನುಷ್ಯ ನಾನು. ಒಂದು ಸಲ "ನಾಳೆ ನೀರು ಬರಲ್ಲ" ಅಂತ ಸುಳ್ಳೇ ಹಬ್ಬಿಸಿ, ಎಲ್ಲರ ಮನೆಯಲ್ಲೂ ಲೋಟದಿಂದ ಹಿಡಿದು ಕುಕ್ಕರಿನವರೆಗೆ ನೀರು ತುಂಬಿಸಿಟ್ಟಿದ್ದೆ. (ಮಾರನೇ ದಿನ ನಿಜವಾಗಿಯೂ ನೀರು ಬರಲಿಲ್ಲ. ಅವತ್ತಿನಿಂದ ಕೆಲವರು ನನಗೆ ಕೈ ಮುಗಿಯುತ್ತಾರೆ.) ಇಂಥವನ ಕೈಗೆ ಶೆಟ್ಟರು ಇಂಥ ಅವಕಾಶ ಕೊಟ್ಟರೆ ಬಿಡುವುದುಂಟೆ?

"ನಾನೇ ಕಣ್ರೀ ಹೋಗಿರೋದು," ಅಂದೆ. "ಬೆಳಿಗ್ಗೇನೇ ಹೋದೆ. ಮನೇಲಿ ಯಾರಿಗೂ ಪುರುಸೊತ್ತಿಲ್ಲ, ಅದಕ್ಕೇ ನಾನೇ ಆರ್ಡರ್ ಮಾಡ್ತಾ ಇದೀನಿ."

"ಎಂಟು ಮೂಟೆ?"

"ನನ್ನ ಸೈಜು ನೋಡಿಲ್ವಾ ನೀವು?"

ಶೆಟ್ಟರು ನಗಲಿಲ್ಲ. "ಬೇಡಿ ಸಾರ್. ದುಃಖದಲ್ಲಿ ಮನುಷ್ಯ ಏನೇನೋ ಮಾತಾಡ್ತಾನೆ. ನಮ್ಮ ತಂದೆ ಹೋದಾಗ ನಾನೂ ಹಿಂಗೇ ಆಗ್ಬಿಟ್ಟಿದ್ದೆ."

ಆಗ ನನಗೆ ಸ್ವಲ್ಪ ಗಾಬರಿಯಾಯಿತು. ನಿಜ ಹೇಳಿದೆ. "ಶೆಟ್ರೇ, ಸ್ವಿಮ್ಮಿಂಗ್ ಪೂಲ್ ಕಣ್ರೀ. ನೀರಿಗೆ ಉಪ್ಪು ಹಾಕೋ ಮೆಷೀನ್ ಬಂದಿದೆ."

"ಆಯ್ತು ಬಿಡಿ ಸಾರ್. ನಾನೇನೂ ಕೇಳಲ್ಲ. ಟೆಂಪೋ ಕಳಿಸ್ತೀನಿ."

ಜೀವನವಿಡೀ ಸುಳ್ಳು ಹೇಳಿ ನಂಬಿಸಿದವನು ನಾನು. ನಿಜ ಹೇಳಿದ ದಿನ ನಂಬುವವರು ಸಿಗಲಿಲ್ಲ.

ಈಗ ಆ ಪೂಲಿನ ವಿಷಯ ಹೇಳಬೇಕು. ಅದು ನಮ್ಮಕ್ಕ ದೇವೀರಮ್ಮನ ಮನೆಯದು. ಕೆಂಗೇರಿಯಲ್ಲಿ ಅವರ ಹೊಲ, ಗದ್ದೆ ಎಲ್ಲ ಲೇಔಟ್ ಆಗಿ ಹೋದ ಮೇಲೆ ಉಳಿದ ಜಾಗದಲ್ಲಿ ದೊಡ್ಡದಾಗಿ ಮನೆ ಕಟ್ಟಿದರು. ಗಂಗಣ್ಣ ಭಾವ, ಅಂದರೆ ಅಕ್ಕನ ಗಂಡ, ಆ ಸುತ್ತಮುತ್ತಲಿನ ಎಂಟು ಹಳ್ಳಿಗಳಿಗೆ ಒಬ್ಬನೇ ಈಜುಗಾರ. (ನಾನು ಒಂಬತ್ತನೇ ಹಳ್ಳಿಯವನು. ಹೋಲಿಕೆ ಬೇಡ.) ಅವರ ಹೊಲದಲ್ಲಿ ಒಂದು ಬಾವಿ ಇತ್ತು. ದಂಡೆ ಮೇಲಿಂದ ಹಾರಿದರೆ ತಳದ ಮಣ್ಣು ಮುಷ್ಟಿಯಲ್ಲಿ ಹಿಡಿದುಕೊಂಡೇ ಮೇಲೆ ಬರುತ್ತಿದ್ದರು. ರಸ್ತೆ ಬಂತು, ಬಾವಿಗೆ ಮಣ್ಣು ತುಂಬಿದರು. ಆ ರಸ್ತೆಯಲ್ಲಿ ಹೋಗುವಾಗೆಲ್ಲ ಭಾವ ಬಾವಿ ಇದ್ದ ಜಾಗ ಬಂದರೆ ಸ್ಕೂಟರ್ ನಿಧಾನ ಮಾಡುತ್ತಿದ್ದರು.

ಹೊಸ ಮನೆಗೆ ಎಲ್ಲರೂ ಒಂದೊಂದು ಕೇಳಿದರು. ಮಗ ಮಂಜ ಲಿಫ್ಟ್ ಕೇಳಿದ. ಸೊಸೆ ರೂಪ ದೊಡ್ಡ ಅಡುಗೆಮನೆ ಕೇಳಿದಳು. ಭಾವ ಈಜುಕೊಳ ಕೇಳಿದರು. ಆದರೆ ಅದನ್ನು ಒಂದು ದಿನವೂ ಪೂಲ್ ಅನ್ನಲಿಲ್ಲ, ಕೊಳ ಅನ್ನಲಿಲ್ಲ. "ಬಾವಿಗೆ ಹೋಗಿ ಬರ್ತೀನಿ" ಅಂತ ಟವೆಲ್ ಹೆಗಲ ಮೇಲೆ ಹಾಕಿಕೊಂಡು ಹೊರಡುತ್ತಿದ್ದರು. ಮನೆ ಬಾಗಿಲಿಂದ ಹತ್ತು ಹೆಜ್ಜೆ. ಆದರೂ ಹೇಳಿಯೇ ಹೋಗುತ್ತಿದ್ದರು. ಅಕ್ಕ ಅಡುಗೆಮನೆಯಿಂದ "ಹುಷಾರು" ಅನ್ನುತ್ತಿದ್ದಳು. ಎದೆಮಟ್ಟದ ನೀರಿಗೆ ಎಂಥ ಹುಷಾರು? ಅದು ಅವರಿಬ್ಬರ ಮಾತು, ನಮಗೇಕೆ?

ಹೋದ ವರ್ಷ ಭಾವ ತೀರಿಕೊಂಡರು. ಮಲಗಿದವರು ಏಳಲಿಲ್ಲ. ರಸ್ತೆಯಾಚೆಗಿನ ತುಂಡು ಜಮೀನಿನಲ್ಲಿ ಅವರಪ್ಪನ ಪಕ್ಕ ಮಣ್ಣು ಮಾಡಿದೆವು. ಪೂಲಿನ ನೀರು ಹಸಿರಾಯಿತು. ಅದಕ್ಕೊಂದು ಟಾರ್ಪಾಲ್ ಹೊದಿಸಿ ಎಲ್ಲರೂ ಬೇರೆ ಕಡೆ ನೋಡತೊಡಗಿದೆವು.

ಆಮೇಲೆ ಅಕ್ಕನ ಮಂಡಿ ಆಪರೇಷನ್ ಆಯಿತು. ಆಪರೇಷನ್ ಚೆನ್ನಾಗಿಯೇ ಆಯಿತು, ಕೆಟ್ಟಿದ್ದು ಆಮೇಲಿನದು. ಡಾಕ್ಟರು "ಮಡಿಸಿ, ನಡೀರಿ" ಅಂದರು. ಅಕ್ಕ ಮಡಿಸಲಿಲ್ಲ, ನಡೆಯಲಿಲ್ಲ. ವ್ಯಾಯಾಮ ಮಾಡಿಸಲು ಬಂದ ಹುಡುಗಿಗೆ ಕಾಫಿ ಕೊಡಿಸಿ ವಾಪಸ್ ಕಳಿಸಿದಳು. ವರಾಂಡದಲ್ಲಿ ಒಂದು ಕುರ್ಚಿ, ಮುಂದೆ ಒಂದು ಸ್ಟೂಲು, ಅದರ ಮೇಲೆ ನೀಟಾಗಿ ಚಾಚಿದ ಕಾಲು. ಬೆಳಿಗ್ಗೆಯಿಂದ ಸಂಜೆಯವರೆಗೆ ಅದೇ.

ಕೊನೆಗೆ ಡಾಕ್ಟರು ನೇರವಾಗಿಯೇ ಹೇಳಿದರು. "ನೋಡೀಮ್ಮ, ಹಿಂಗೇ ಬಿಟ್ರೆ ಈ ಮಂಡಿ ಬಿಗಿದುಕೊಂಡುಬಿಡುತ್ತೆ. ಆಮೇಲೆ ಕುರ್ಚಿಯೇ ಗತಿ. ಮನೇಲಿ ಪೂಲ್ ಇದೆ ಅಂತೀರಲ್ಲ, ನೀರಲ್ಲಿ ನಡೀರಿ. ಭಾರ ಗೊತ್ತಾಗಲ್ಲ."

ರೂಪ ಪೂಲ್ ತೊಳೆಸಿದಳು. ಹೊಸ ನೀರು ತುಂಬಿಸಿ ಕ್ಲೋರಿನ್ ಹಾಕಿಸಿದಳು. ಅಕ್ಕ ಒಂದೇ ಒಂದು ಸಲ ಇಳಿದಳು. ಮೈಯೆಲ್ಲ ಕೆಂಪು ದದ್ದು ಎದ್ದು, ಕೆರೆದುಕೊಂಡು ಮೇಲೆ ಬಂದಳು. "ಇನ್ನು ನನ್ನನ್ನ ಕರೀಬೇಡಿ" ಅಂದಳು. ಅಕ್ಕ ಬೇಡ ಅಂದರೆ ಮುಗಿಯಿತು.

ಅದಕ್ಕೇ ಈ ಉಪ್ಪಿನ ಮೆಷೀನು. ರೂಪ ಎಲ್ಲೋ ವಿಚಾರಿಸಿ ಪತ್ತೆ ಮಾಡಿದ್ದು. ಡಬ್ಬದಿಂದ ಕ್ಲೋರಿನ್ ಸುರಿಯುವ ಬದಲು ನೀರಿಗೆ ಉಪ್ಪು ಹಾಕಿಬಿಡುವುದು, ಮೆಷೀನು ಆ ಉಪ್ಪಿನಿಂದ ಬೇಕಾದಷ್ಟನ್ನು ಮಾತ್ರ ಆಗಾಗ ತಯಾರಿಸಿಕೊಳ್ಳುತ್ತದೆ. ಮೈ ಅಷ್ಟು ಕಡಿಯುವುದಿಲ್ಲ. ಬಿನ್ನಿಪೇಟೆಯಿಂದ ಇಮ್ರಾನ್ ಅನ್ನುವವನು ಬಂದು ಮೆಷೀನ್ ಕೂರಿಸಿದ. ಬಾಯಿ ತುಂಬ ಮಾತು. "ಉಪ್ಪು ನಾನೇ ತರ್ತೀನಿ ಸಾರ್, ಪೂಲಿಗೇ ಅಂತ ನೈಸ್ ಪುಡಿ ಬರುತ್ತೆ" ಅಂದ.

"ಉಪ್ಪು ತರೋಕೆ ನೀನ್ಯಾಕಪ್ಪ? ನಾನಿಲ್ವಾ?" ಅಂದೆ. ಊರಿಗೆಲ್ಲ ನೀರು ಕುಡಿಸಿದವನಿಗೆ ಒಂದು ಪೂಲಿಗೆ ಉಪ್ಪು ತರುವುದು ಕಷ್ಟವೇ?

ಅವತ್ತು ಬೆಳಿಗ್ಗೆ ಶೆಟ್ಟರಿಗೆ ಫೋನ್ ಮಾಡಿ, ಮೆಟ್ರೊ ಹತ್ತಿ ಕೆಂಗೇರಿ ತಲುಪಿ ಕಾಫಿ ಕುಡಿಯುವಷ್ಟರಲ್ಲಿ ಶೆಟ್ಟರ ಟೆಂಪೋ ಬಂತು. ಹಾರ್ನ್ ಮಾಡಲಿಲ್ಲ. ಡ್ರೈವರ್ ಇಳಿದು ಗೇಟಿನ ಹೊರಗೇ ಚಪ್ಪಲಿ ಬಿಟ್ಟ. ಹೆಗಲ ಮೇಲಿನ ಟವೆಲ್ ತೆಗೆದು ಸೊಂಟಕ್ಕೆ ಸುತ್ತಿದ. ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ.

"ಎಲ್ಲಿ ತೆಗೆಸಿದ್ದೀರಾ ಸಾರ್?"

ನಾನು ಪೂಲಿನ ಕಡೆ ಕೈ ತೋರಿಸಿದೆ. ಅವನು ನೀಲಿ ಟೈಲ್ಸ್ ನೋಡಿದ, ನೀರು ನೋಡಿದ, ಇಳಿಯುವ ಮೆಟ್ಟಿಲು, ಸ್ಟೀಲ್ ಕಂಬಿ ನೋಡಿದ. ದುಡ್ಡಿದ್ದವರು ಸತ್ತರೂ ಹಿಂಗೇನಾ ಅನ್ನುವ ಮುಖ ಮಾಡಿದ. ಒಂದೊಂದೇ ಮೂಟೆ ಹೊತ್ತು ತಂದು ಪೂಲಿನ ದಂಡೆಗೆ ಸಾಲಾಗಿ ಇಟ್ಟ. ಕೊನೆಯ ಮೂಟೆಯ ಮೇಲೆ ಒಂದು ಕವರ್ ಇಟ್ಟ. ಊದುಬತ್ತಿ, ಕರ್ಪೂರ, ಒಂದು ಪೊಟ್ಟಣ ವಿಭೂತಿ.

"ಶೆಟ್ರು ಕಳ್ಸಿದ್ದು ಸಾರ್. ಇದು ಅವರ ಕಡೆಯಿಂದ ಅಂದ್ರು. ಧೈರ್ಯವಾಗಿರ್ಬೇಕಂತೆ."

ಅವನು ಹೋದ ಮೇಲೆ ನಾನು ಬಿದ್ದು ಬಿದ್ದು ನಕ್ಕೆ. ಇಮ್ರಾನ್‌ಗೆ ಹೇಳಿದೆ, ಅವನೂ ನಕ್ಕ. ರೂಪಳಿಗೆ ಹೇಳಿದೆ, ಅವಳು ನಗುತ್ತಲೇ "ಮಾವ, ನೀವು ಯಾವಾಗ ದೊಡ್ಡೋರಾಗೋದು?" ಅಂದಳು. ನನ್ನ ಇಷ್ಟು ವರ್ಷದ ಸರ್ವಿಸ್‌ನಲ್ಲಿ ಇಷ್ಟು ಸಲೀಸಾಗಿ ಬಿದ್ದ ಗಿರಾಕಿ ಇನ್ನೊಬ್ಬ ಇರಲಿಲ್ಲ.

ವರಾಂಡದ ಕುರ್ಚಿಯಲ್ಲಿ ಕೂತ ಒಬ್ಬಳು ಇದನ್ನೆಲ್ಲ ನೋಡುತ್ತಿದ್ದಳು ಅನ್ನುವುದು ನಮಗೆ ಯಾರಿಗೂ ನೆನಪಾಗಲಿಲ್ಲ.

"ಒಂದೇ ಕಡೆ ಸುರೀಬೇಡಿ ಸಾರ್," ಅಂದ ಇಮ್ರಾನ್. "ದಂಡೆ ಮೇಲೆ ನಡ್ಕೊಂಡು ಚೆಲ್ತಾ ಹೋಗಿ. ಮೋಟಾರ್ ಓಡ್ತಾ ಇರ್ಲಿ. ಪೂರ್ತಿ ಕರಗೋವರ್ಗೂ ಮೆಷೀನ್ ಆನ್ ಮಾಡಂಗಿಲ್ಲ. ಇವತ್ತು ಯಾರೂ ನೀರಿಗೆ ಇಳಿಯಂಗಿಲ್ಲ."

ನನಗೆ ಹೇಳಿಕೊಡಲು ಬಂದನಲ್ಲ ಅಂತ, ಮೊದಲನೇ ಮೂಟೆಯ ಬಾಯಿ ಬಿಚ್ಚಿ ನಿಂತ ಕಡೆಯೇ ಪೂರ್ತಿ ಬಗ್ಗಿಸಿಬಿಟ್ಟೆ. ಸರ್ರನೆ ಇಳಿಯಿತು. ನೀಲಿ ತಳದ ಮೇಲೆ ಬೆಳ್ಳಗೆ ರಾಶಿ ಬಿತ್ತು. ಕರಗಲಿಲ್ಲ. ಕಲ್ಲುಪ್ಪು ಅಲ್ಲವೇ, ಹಾಗೇ ಕೂತಿತು. ಮೇಲೆ ನೀರು ಅಲುಗಿದಾಗ ಆ ಬಿಳಿಯೂ ಉದ್ದುದ್ದಕ್ಕೆ ಅಲುಗಿದಂತೆ ಕಾಣುತ್ತಿತ್ತು.

"ನಿಲ್ಸೋ ಕಿಟ್ಟಾ!"

ತಿರುಗಿ ನೋಡಿದರೆ ಅಕ್ಕ ಎದ್ದು ನಿಂತಿದ್ದಾಳೆ. ವಾಕರ್ ಹಿಡಿದುಕೊಂಡು ಬರುತ್ತಿದ್ದಾಳೆ. ಕಾಲು ಎಳೆಯುತ್ತಾ, ಹಲ್ಲು ಕಚ್ಚಿಕೊಂಡು. ಪೂಲಿನ ಹತ್ತಿರ ಬಂದು ಮೊದಲು ತಳದ ಬಿಳಿ ರಾಶಿ ನೋಡಿದಳು. ಆಮೇಲೆ ಮೂಟೆಗಳ ಸಾಲು. ಆಮೇಲೆ ಕವರ್.

"ಯಾರನ್ನ ಮಲಗಿಸೋಕೋ ಇದು? ನನ್ನನ್ನಾ?"

"ಅಯ್ಯೋ, ಬಿಡ್ತು ಅನ್ನು. ಪೂಲಿನ ಉಪ್ಪು ಅಕ್ಕ. ನಿನ್ನ ಮಂಡಿಗೆ."

"ವಿಭೂತಿನೂ ಮಂಡಿಗಾ?"

ಇಮ್ರಾನ್ ನಡುವೆ ಬಂದ, ಪಾಪ.

"ಅಮ್ಮ, ಏನೂ ಆಗಲ್ಲಮ್ಮ. ನೀರು ಉಪ್ಪುಪ್ಪು ಅನ್ಸೋದೂ ಇಲ್ಲ. ನಮ್ಮ ಕಣ್ಣೀರಲ್ಲಿ ಎಷ್ಟಿರುತ್ತೋ ಅದಕ್ಕಿಂತ ಕಮ್ಮಿ ಉಪ್ಪು."

"ಅಳೋರ ಕಣ್ಣು ಯಾರಪ್ಪಾ ನೆಕ್ಕಿ ನೋಡಿದ್ದು?"

ಬೇರೆ ದಿನವಾಗಿದ್ದರೆ ಈ ಮಾತಿಗೆ ನಾನು ಒಂದು ವಾರ ನಗುತ್ತಿದ್ದೆ. ಅವತ್ತು ಯಾರೂ ನಗಲಿಲ್ಲ.

"ಅವರು ಈಜ್ತಿದ್ದ ಜಾಗ ಕಣೋ," ಅಂದಳು ಅಕ್ಕ. "ಇದಕ್ಕೂ ಉಪ್ಪು ಸುರಿದು ಮುಗಿಸಿಬಿಡ್ತೀಯಾ?"

ವಾಕರ್ ತಿರುಗಿಸಿಕೊಂಡು ಒಳಗೆ ಹೋದಳು. ರೂಮಿನ ಬಾಗಿಲು ಹಾಕಿಕೊಂಡಳು. ಮಧ್ಯಾಹ್ನ ರೂಪ ಮುದ್ದೆ ಸಾರು ತಗೊಂಡು ಹೋಗಿ ಹಾಗೇ ವಾಪಸ್ ತಂದಳು. "ಇನ್ನು ನೀರಿಗೆ ಇಳಿಯೋ ಮಾತು ಬಿಟ್ಟುಬಿಡಿ ಮಾವ," ಅಂದಳು. "ಎದ್ದು ಕೂರೋದನ್ನೂ ಬಿಟ್ಟುಬಿಡ್ತಾರೆ ಅನ್ಸುತ್ತೆ. ಗೋಡೆ ಕಡೆ ತಿರುಗಿ ಮಲಗಿದ್ದಾರೆ."

ನಾನು ಪೂಲಿನ ದಂಡೆಯಲ್ಲಿ ಏಳು ಮೂಟೆ ಉಪ್ಪಿನ ಪಕ್ಕ ಕೂತೆ. ಮಾಡಲು ಬೇರೆ ಕೆಲಸ ಇರಲಿಲ್ಲ, ಯೋಚನೆ ಮಾಡಿದೆ. (ಅಪರೂಪಕ್ಕೆ ಮಾಡುತ್ತೇನೆ.)

ಈ ಉಪ್ಪು ಎಂಥ ಪದಾರ್ಥ ನೋಡಿ. ಹೊಸ ಮನೆಗೆ ಹೋಗುವಾಗ ಮೊದಲು ಒಳಗೆ ಹೋಗುವುದು ಉಪ್ಪು. ಮಗುವಿಗೆ ದೃಷ್ಟಿಯಾದರೆ ಉಪ್ಪು. ದೀಪ ಹಚ್ಚಿದ ಮೇಲೆ ಪಕ್ಕದ ಮನೆಗೆ ಸಕ್ಕರೆ ಕೊಡುತ್ತೇವೆ, ಉಪ್ಪು ಕೊಡುವುದಿಲ್ಲ. ಕೈಯಿಂದ ಕೈಗಂತೂ ಕೊಡುವುದೇ ಇಲ್ಲ, ಜಗಳ ಬರುತ್ತದಂತೆ. ಬಟ್ಟಲಲ್ಲಿ ಇಟ್ಟು ಮುಂದೆ ತಳ್ಳುತ್ತೇವೆ. ಇಷ್ಟೆಲ್ಲ ನಿಯಮ ಗೊತ್ತಿರುವ ನಾನು, ಗಂಡನನ್ನು ಕಳೆದುಕೊಂಡು ಒಂದು ವರ್ಷವಾದವಳ ಕಣ್ಣೆದುರಿಗೆ, ಆ ಗಂಡನ ಪೂಲಿನ ಪಕ್ಕ ಎಂಟು ಮೂಟೆ ಉಪ್ಪು ಸಾಲಾಗಿ ಇಡಿಸಿ, ಮೇಲೆ ವಿಭೂತಿ ಇಟ್ಟುಕೊಂಡು ನಗುತ್ತಿದ್ದೆ.

ಎದ್ದು ಅವಳ ರೂಮಿಗೆ ಹೋದೆ. ಬಾಗಿಲು ತಳ್ಳಿದೆ, ಚಿಲಕ ಹಾಕಿರಲಿಲ್ಲ. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತೆ. ಅಕ್ಕ ಗೋಡೆ ನೋಡುತ್ತಲೇ ಕೇಳಿದಳು.

"ಅವತ್ತು ನೀನೆಲ್ಲಿದ್ದೆ?"

"ಯಾವತ್ತು?"

"ನಿಮ್ಮ ಭಾವನ್ನ ತಗೊಂಡು ಹೋದಾಗ."

"ಮುಂದೇನೇ ಇದ್ನಲ್ಲ ಅಕ್ಕ. ಹೆಗಲು ಕೊಟ್ಟಿದ್ದೆ."

"ನಾನೆಲ್ಲಿದ್ದೆ?"

ಯೋಚಿಸಿದೆ. ಗೊತ್ತಿರಲಿಲ್ಲ. ನಾವು ಯಾರೂ ಹಿಂದೆ ತಿರುಗಿ ನೋಡಿರಲಿಲ್ಲ.

"ಗೇಟ್ ಹತ್ರ ಇದ್ದೆ ಕಣೋ. ಹೆಂಗಸರು ಇಲ್ಲಿಂದಾಚೆ ಬರಂಗಿಲ್ಲ ಅಂದ್ರು. ಯಾರಂದ್ರು ಅಂತಾನೂ ಗೊತ್ತಿಲ್ಲ. ಎಲ್ರೂ ನಿಂತ್ರು, ನಾನೂ ನಿಂತೆ. ಗೇಟಿನ ಕಂಬಿ ಹಿಡ್ಕೊಂಡು. ತಮಟೆ ಸದ್ದು ಕೇಳೋವರ್ಗೂ ಕೇಳ್ದೆ. ಆಮೇಲೆ ಅದೂ ಇಲ್ಲ. ಒಳಗೆ ಕರ್ಕೊಂಡು ಬಂದು ತಲೆ ಮೇಲೆ ನೀರು ಹುಯ್ದ್ರು."

ನಾನು ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡೆ.

"ನೀನು ಬಂದು ಹೇಳ್ದೆ. ಎಷ್ಟು ಜನ ಅಕ್ಕ, ಎಲ್ರೂ ಒಂದೊಂದು ಹಿಡಿ ಹಾಕಿದ್ರು, ಮೂಟೆಗೆ ಮೂಟೆನೇ ಖಾಲಿ ಆಯ್ತು ಅಂತ. ಹೆಮ್ಮೆಯಿಂದ ಹೇಳ್ದೆ."

"ನಿಂದೂ ನಾನೇ ಹಾಕ್ದೆ ಅಕ್ಕ. ಎರಡು ಹಿಡಿ ಹಾಕ್ದೆ." (ನಿಜವಾಗಿಯೂ ಹಾಕಿದ್ದೆ. ಇದೊಂದು ವಿಷಯದಲ್ಲಾದರೂ ನನ್ನನ್ನು ನಂಬಿ.)

ಅಕ್ಕ ಈಗ ಈ ಕಡೆ ತಿರುಗಿದಳು.

"ನನ್ನ ಹಿಡಿ ನಿನ್ನ ಕೈಗೆ ಹೆಂಗೋ ಬರುತ್ತೆ?"

ಅವಳು ಅಳುತ್ತಿರಲಿಲ್ಲ. ಲೆಕ್ಕ ಕೇಳುವವಳ ಹಾಗೆ ಕೇಳುತ್ತಿದ್ದಳು.

"ಐವತ್ತು ವರ್ಷ ಆ ಮನುಷ್ಯನ ಅನ್ನಕ್ಕೆ ಉಪ್ಪು ಹಾಕಿದೋಳು ನಾನು. ಕಡೇ ಉಪ್ಪು ಮಾತ್ರ ಊರೋರೆಲ್ಲ ಹಾಕಿದ್ರು. ನಮ್ಮ ಮಂಜನ ಗಾರ್ಮೆಂಟ್ಸ್ ಮ್ಯಾನೇಜರ್ ಹಾಕ್ದ. ಶಾಮಿಯಾನದೋನು ಹಾಕ್ದ. ನಾನು ಹಾಕ್ಲಿಲ್ಲ. ಈಗ ಅದರ ಮೇಲೆ ಗ್ರಾನೈಟ್ ಕೂರ್ಸಿದ್ದಾರೆ. ಎಲ್ಲಿಗೆ ಹಾಕ್ಲಿ?"

ಹೆಂಗಸರ ಮನಸ್ಸು ಸೂಕ್ಷ್ಮ, ಅಲ್ಲಿ ನಿಂತು ನೋಡುವ ಶಕ್ತಿ ಇರುವುದಿಲ್ಲ, ಅದಕ್ಕೇ ಬರಬಾರದು ಅನ್ನುತ್ತಾರೆ. ನಾನೂ ಹಾಗೇ ಕೇಳಿಕೊಂಡು ಬೆಳೆದವನು. ಅವತ್ತು ಅಲ್ಲಿ ಕಾಲು ಕುಸಿದು, ಇಬ್ಬರು ತೋಳು ಹಿಡಿದು ನಿಲ್ಲಿಸಬೇಕಾಗಿ ಬಂದ ಗಂಡಸು ಯಾರು ಅಂತ ಮಾತ್ರ ದಯವಿಟ್ಟು ಕೇಳಬೇಡಿ.

ಕೊನೆಗೆ ನಾನೇ ಹೇಳಿದೆ. ತಮಾಷೆ ಮಾಡಲಿಲ್ಲ.

"ಅಕ್ಕ, ಏಳು ಮೂಟೆ ಇನ್ನೂ ಬಿಚ್ಚಿಲ್ಲ. ಅಲ್ಲಿ ಗ್ರಾನೈಟ್ ಇದೆ. ಇಲ್ಲಿ ಇಲ್ಲ. ಅವರು ಇದನ್ನೇ ತಾನೇ ಬಾವಿ ಅಂತಿದ್ದಿದ್ದು?"

ನಾನು ಎದ್ದು ಹೊರಗೆ ಬಂದೆ.

ಬಿಸಿಲು ಇಳಿಯುವ ಹೊತ್ತಿಗೆ ವಾಕರಿನ ಸದ್ದು ಕೇಳಿತು. ಟಕ್. ಟಕ್. ಅಕ್ಕ ಸೀರೆ ಬದಲಾಯಿಸಿದ್ದಳು, ಹಣೆಗೆ ನೀರು ಸೋಕಿಸಿ ತಲೆ ಬಾಚಿಕೊಂಡಿದ್ದಳು. ಪೂಲಿನ ಹತ್ತಿರ ಬಂದು ನಿಂತಳು.

ನಾನು ಒಂದು ಮೂಟೆಯ ಬಾಯಿ ಬಿಚ್ಚಿದೆ. ಒಂದು ಹಿಡಿ ತೆಗೆದೂ ತೆಗೆದೆ, ಅವಳಿಗೆ ಕೊಡಲು. ಅವಳು ಕೈ ಚಾಚಲಿಲ್ಲ. ನನ್ನ ಕೈಯನ್ನೇ ನೋಡಿದಳು. ನನಗೆ ಅರ್ಥವಾಯಿತು. ಹಿಡಿಯನ್ನು ವಾಪಸ್ ಮೂಟೆಗೆ ಹಾಕಿ, ಮೂಟೆಯನ್ನು ಅವಳ ಕಡೆ ತಳ್ಳಿ, ಹಿಂದೆ ಸರಿದೆ.

ಅಕ್ಕ ಬಗ್ಗಿ ತನ್ನ ಕೈಯಿಂದ ತಾನೇ ತೆಗೆದುಕೊಂಡಳು. ಹಿಡಿ ತುಂಬ. ಅದನ್ನು ನೋಡಿದಳು. ಆಮೇಲೆ ಬೆರಳು ಸಡಿಲಿಸಿ ಅರ್ಧ ಉಪ್ಪನ್ನು ಮೂಟೆಗೇ ಉದುರಿಸಿದಳು.

"ಅವರಿಗೆ ಬೀಪಿ ಇತ್ತು," ಅಂದಳು. "ಉಪ್ಪು ಕಮ್ಮಿ ಹಾಕಿ ಅಂದಿದ್ರು ಡಾಕ್ಟರು."

ರೂಪ ಮುಖ ಆ ಕಡೆ ತಿರುಗಿಸಿಕೊಂಡಳು.

"ಅಲ್ಲಿಂದಾನೇ ಹಾಕು ಅಕ್ಕ, ಬಗ್ಗೋಕಾಗಲ್ಲ ನಿಂಗೆ," ಅಂದೆ.

"ಎಸೆಯೋದಲ್ಲ ಕಣೋ ಇದು. ಕೂರ್ಸು ನನ್ನನ್ನ."

ಒಂದು ಕಡೆ ನಾನು, ಒಂದು ಕಡೆ ರೂಪ. ಪೂಲಿನ ಮೆಟ್ಟಿಲ ಹತ್ತಿರ ದಂಡೆಯ ಮೇಲೆ ಮೆಲ್ಲಗೆ ಇಳಿಸಿದೆವು. ಕೂರಬೇಕಾದರೆ ಮಂಡಿ ಮಡಿಸಲೇಬೇಕು. ಅವಳ ಉಗುರು ನನ್ನ ತೋಳಿಗೆ ಇಳಿಯಿತು. "ಅಮ್ಮಾ" ಅಂದಳು. ಯಾವ ಡಾಕ್ಟರಿಗೂ, ಯಾವ ವ್ಯಾಯಾಮದ ಹುಡುಗಿಗೂ ಮಡಿಯದ ಮಂಡಿ ಮಡಿಯಿತು. ಸೀರೆ ಸ್ವಲ್ಪ ಮೇಲೆತ್ತಿ ಎರಡೂ ಕಾಲು ನೀರಿಗೆ ಬಿಟ್ಟಳು.

"ಸಾರ್, ಇವತ್ತು ನೀರಿಗೆ..." ಅಂದ ಇಮ್ರಾನ್. ನಾನು ನೋಡಿದ ನೋಟಕ್ಕೆ ಬ್ರಷ್ ತೆಗೆದುಕೊಂಡು ಮೋಟಾರ್ ಮನೆಯ ಹಿಂದಕ್ಕೆ ಹೋದ.

ಅಕ್ಕ ಬಗ್ಗಿ, ಮುಷ್ಟಿಯನ್ನು ನೀರಿನೊಳಗೆ ಇಳಿಸಿ, ಅಲ್ಲಿ ಬಿಚ್ಚಿದಳು. ಹರಳುಗಳು ನಿಧಾನವಾಗಿ ಇಳಿದವು. ಅವಳ ಪಾದದ ಮೇಲೆ ನಾಲ್ಕು ಕೂತವು. ಉಳಿದವು ತಳಕ್ಕೆ ಹೋದವು. ಕೈಯನ್ನು ಹಾಗೇ ನೀರಲ್ಲೇ ಇಟ್ಟುಕೊಂಡಿದ್ದಳು. ಏನೋ ಹೇಳಿದಳು, ನಮಗೆ ಕೇಳಿಸಲಿಲ್ಲ. "ಹುಷಾರು" ಅಂದಳು ಅಂತ ರೂಪ ಹೇಳುತ್ತಾಳೆ. ಇದ್ದರೂ ಇರಬಹುದು.

ಆಮೇಲೆ ರೂಪ ಬಂದು ಮೂಟೆಯ ಮುಂದೆ ನಿಂತಳು. "ನಾನೂ ಗೇಟ್ ಹತ್ರಾನೇ ನಿಂತಿದ್ದೆ ಮಾವ," ಅಂದಳು. ತನ್ನ ಹಿಡಿ ತಾನೇ ತೆಗೆದುಕೊಂಡು ಅತ್ತೆಯ ಪಕ್ಕ ಕೂತಳು. ಅವಳೂ ಮೆಲ್ಲಗೆ ಮುಷ್ಟಿ ಇಳಿಸಿ ಬಿಚ್ಚಿದಳು.

ಶೆಟ್ಟರು ಕಳಿಸಿದ ಕವರ್ ಅಲ್ಲೇ ಇತ್ತು. ಅಕ್ಕ ಅದರಿಂದ ಎರಡು ಊದುಬತ್ತಿ ತೆಗೆಸಿ ಹಚ್ಚಿಸಿದಳು. ದಂಡೆಯ ಟೈಲ್ಸ್ ಸಂದಿಗೆ ಸಿಕ್ಕಿಸಿದೆವು.

"ಹೂಂ. ಈಗ ಉಳಿದಿದ್ದು ಸುರೀರಿ," ಅಂದಳು. "ಒಂದೇ ಕಡೆ ಸುರೀಬೇಡ ಕಿಟ್ಟ. ಆ ಹುಡುಗ ಹೇಳ್ದಂಗೆ ಸುತ್ತಾ ಚೆಲ್ಲು."

ಚೆಲ್ಲಿದೆ. ದಂಡೆಯ ಮೇಲೆ ನಡೆಯುತ್ತಾ, ಒಂದು ಸುತ್ತು, ಎರಡು ಸುತ್ತು. ಬೇರೆಯವರು ಹೇಳಿದಂತೆ ಕೆಲಸ ಮಾಡಿದ್ದು ನನ್ನ ಜೀವನದಲ್ಲಿ ಅದೇ ಮೊದಲಿರಬೇಕು.

ಕಲ್ಲುಪ್ಪು ಕರಗಲು ಇಮ್ರಾನ್ ಹೇಳಿದ್ದಕ್ಕಿಂತ ಬಹಳ ಹೆಚ್ಚು ಹೊತ್ತು ತಗೊಂಡಿತು. ಅದರ ಕಸ ಕಟ್ಟಿಕೊಂಡು ಫಿಲ್ಟರ್ ತೊಳೆಯಬೇಕಾಯಿತು, ಅವನು ಫೋನ್ ಮಾಡಿ ನನ್ನ ಜ್ಞಾನವನ್ನು ಬಹಳ ಹೊಗಳಿದ. ಇರಲಿ. ಈಗ ಅಕ್ಕ ದಿನಾ ನೀರಿಗೆ ಇಳಿಯುತ್ತಾಳೆ. ಸ್ಟೀಲ್ ಕಂಬಿ ಹಿಡಿದು ಈ ಕಡೆಯಿಂದ ಆ ಕಡೆಗೆ ನಡೆಯುತ್ತಾಳೆ. ಪವಾಡವೇನೂ ಆಗಿಲ್ಲ, ನೆಲದ ಮೇಲೆ ಇನ್ನೂ ವಾಕರ್ ಬೇಕು. ಆದರೆ ಸ್ಟೂಲು ವರಾಂಡದಿಂದ ಒಳಗೆ ಹೋಗಿದೆ. ಮೊದಲನೇ ದಿನ ನೀರನ್ನು ಬೆರಳಲ್ಲಿ ಮುಟ್ಟಿ ನಾಲಿಗೆಗೆ ಇಟ್ಟುಕೊಂಡು ಹೇಳಿದಳು: "ಎಂಟು ಮೂಟೆ ಹಾಕಿದೆ ಅಂತೀಯ, ಉಪ್ಪೇ ಇಲ್ವಲ್ಲೋ." ಐವತ್ತು ವರ್ಷ ಅಡುಗೆ ಮಾಡಿದವರನ್ನು ಮೆಚ್ಚಿಸಲು ಆಗುತ್ತದೆಯೇ?

ಮೊನ್ನೆ ಶೆಟ್ಟರು ಫೋನ್ ಮಾಡಿದ್ದರು. ಮೊದಲಿನ ಹಾಗೇ ತಗ್ಗಿದ ದನಿ.

"ಸಾರ್, ಕಾರ್ಯ ಎಲ್ಲಾ ಸರಿಯಾಗಿ ಆಯ್ತಾ?"

ನನ್ನ ಬಾಯಲ್ಲಿ ನಾಲ್ಕು ತಮಾಷೆ ತಯಾರಾಗಿದ್ದವು. ನಾನು ಎಂಥವನು ಅಂತ ನಿಮಗೆ ಗೊತ್ತು. ಆದರೂ ಹೇಳಲಿಲ್ಲ.

"ಆಯ್ತು ಶೆಟ್ರೇ. ಹೋದ ವರ್ಷದ್ದು ಒಂದು ಹಿಡಿ ಉಳಿದುಹೋಗಿತ್ತು. ಅದೂ ಆಯ್ತು."

ಅವರಿಗೆ ಅರ್ಥವಾಗಲಿಲ್ಲ. ಆದರೆ "ಒಳ್ಳೇದಾಯ್ತು ಬಿಡಿ ಸಾರ್" ಅಂದರು.

ನೀವು ಹೆಗಲು ಕೊಟ್ಟವರೋ, ಮುಂದೆ ನಡೆದವರೋ, ಎರಡು ಹಿಡಿ ಹಾಕಿದವರೋ ನನಗೆ ಗೊತ್ತಿಲ್ಲ. ಒಂದೇ ಒಂದು ಸಲ ಹಿಂದೆ ತಿರುಗಿ ನೋಡಿ ಹೇಳಿ: ನಿಮ್ಮ ಮನೆಯ ಗೇಟಿನ ಕಂಬಿ ಹಿಡಿದುಕೊಂಡು ಇನ್ನೂ ಅಲ್ಲೇ ನಿಂತಿರುವವರು ಯಾರು?